ಯಾವ ಬಸ್ಸಿಗೆ ಈ ಓಟ?

ಎದುರಿಗೊಂದು ಮೇಜು ಸಿಕ್ಕರೆ ನನ್ನ ಬೆರಳುಗಳು ಸುಮ್ಮನಿರುವುದಿಲ್ಲ. ಹೋಟೆಲಿನ ಟೇಬಲ್ಲು, ಬ್ಯಾಂಕಿನ ಕೌಂಟರು, ಟ್ಯಾಕ್ಸಿಯ ಡ್ಯಾಶ್‌ಬೋರ್ಡು, ಏನೂ ಸಿಗದಿದ್ದರೆ ನನ್ನದೇ ತೊಡೆ. ಮೊನ್ನೆ ಕತಾರಿನ ವೆಸ್ಟ್ ಬೇಯಲ್ಲಿರುವ ನಮ್ಮ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಮ್ಯಾನೇಜರ್ ಕುರಿಯನ್ ಸಾರ್ ಮಾತು ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನ ಕೈಗಳನ್ನೇ ನೋಡಿ ತಮ್ಮ ಮಲಯಾಳದಲ್ಲಿ ಕೇಳಿದರು.

"ರೋಶನ್, ಕಂಪ್ಯೂಟರ್ ಇಲ್ಲಾತೆ ಟೈಪಿಂಗೋ?"

"ಮಿನಿಟ್ಸ್ ಸಾರ್. ಟೇಕಿಂಗ್ ಮಿನಿಟ್ಸ್."

ಎಲ್ಲರೂ ನಕ್ಕರು. ನಗಿಸುವುದು ನನಗೆ ಹೊಸದಲ್ಲ. ಆದರೆ ಆ ಮೇಜಿನ ಮೇಲೆ ನಾನು ಬಾರಿಸುತ್ತಿದ್ದುದು ಪಿಯಾನೋ ಎಂದು ಅಲ್ಲಿದ್ದ ಒಬ್ಬರಿಗೂ ಗೊತ್ತಾಗಲಿಲ್ಲ. ಪಿಯಾನೋ ಎಂದ ತಕ್ಷಣ ನೀವು ಕಪ್ಪು ಕೋಟು ತೊಟ್ಟು, ಉದ್ದ ಕೂದಲು ಬಿಟ್ಟ ಯಾರನ್ನೋ ಊಹಿಸಿಕೊಂಡಿರಬಹುದು. ಬೇಡ. ನನ್ನನ್ನು ಕಂಡವರು ಸಾಮಾನ್ಯವಾಗಿ ಜೆರಾಕ್ಸ್ ಎಲ್ಲಿ ಮಾಡಿಸುವುದು ಎಂದು ಕೇಳುತ್ತಾರೆ. ನಾನೂ ತೋರಿಸುತ್ತೇನೆ.

ಈ ಬೆರಳುಗಳಿಗೆ ಓಟ ಕಲಿಸಿದ್ದು ನಮ್ಮೂರಿನ ಇಗರ್ಜಿ. ಉಡುಪಿಯಿಂದ ಒಳಗೆ, ಡಾಂಬರು ಮುಗಿಯುವ ಜಾಗದಲ್ಲಿ ನಮ್ಮದೊಂದು ಸಣ್ಣ ಇಗರ್ಜಿ. ಅದರ ಮೂಲೆಯಲ್ಲಿ ಕಾಲಲ್ಲಿ ತುಳಿದು ಗಾಳಿ ತುಂಬಿಸುವ ಹಳೆಯ ಆರ್ಗನ್. ಹೈಸ್ಕೂಲಿನ ದಿನಗಳಿಂದಲೇ ಭಾನುವಾರದ ಪೂಜೆಗೆ ಅದನ್ನು ಬಾರಿಸುವ ಕೆಲಸ ನನಗೆ ಬಿದ್ದಿತ್ತು. ಪೇಟೆಗೆ ಹೋಗುವ ಬಸ್ಸು ಇದ್ದದ್ದು ಒಂದೇ. ಅದರ ಡ್ರೈವರ್ ಸಂಜೀವಣ್ಣ ಪೂಜೆ ಬಿಡುವ ತನಕ ಗೇಟಿನ ಹತ್ತಿರ ಎಂಜಿನ್ ಆರಿಸದೆ ಕಾಯುವವರು. ಫಾದರ್ ಆಶೀರ್ವಾದ ಕೊಟ್ಟರೂ ಕೊನೆಯ ಹಾಡು ಮುಗಿಯದೆ ಜನ ಕದಲುವಂತಿಲ್ಲ. ಹಾಡು ಉದ್ದವಾದರೆ ಸಂಜೀವಣ್ಣನ ಹಾರ್ನು ಅದಕ್ಕೆ ತಾಳ ಹಾಕಲು ಶುರುಮಾಡುತ್ತಿತ್ತು. ಹಾಗಾಗಿ ನಾನು ಕೊನೆಯ ಹಾಡನ್ನು ಓಡಿಸುತ್ತಿದ್ದೆ. ಹಾಡುವವರೂ ಓಡುತ್ತಿದ್ದರು. ಮುದುಕಿಯರು ಕೊನೆಯ ಸಾಲನ್ನು ಮೆಟ್ಟಿಲಿಳಿಯುತ್ತ ಮುಗಿಸುತ್ತಿದ್ದರು. ರೋಶನ್ ಕೂತರೆ ಬಸ್ಸು ಗ್ಯಾರಂಟಿ ಎಂದು ಹೆಸರಾಗಿಬಿಟ್ಟಿತ್ತು.

ಫಾದರ್ ಒಮ್ಮೆ ಕರೆದು ಹೇಳಿದರು, "ರೋಶನ್, ಇದು ದೇವರ ಸ್ತುತಿಯಾ, ಕಂಬಳವಾ?"

ಅದೇ ಸಂಜೆ ನಾನು ಇಗರ್ಜಿಯ ಹಿಂದೆ ಅವರ ದನಿಯಲ್ಲಿ, ಅವರ ಮೂಗಿನಲ್ಲಿ, ಅವರ ಸೀನಿನ ಸಮೇತ ಆ ಮಾತನ್ನು ಹೇಳಿ ತೋರಿಸಿದೆ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹತ್ತಿರ ಇದ್ದ ಬಂಡವಾಳ ಇವೆರಡೇ: ವೇಗವಾಗಿ ಬಾರಿಸುವುದು, ಬೇರೆಯವರ ಹಾಗೆ ಮಾತಾಡುವುದು. ಎರಡನ್ನೂ ಕಟ್ಟಿಕೊಂಡು ಕತಾರಿಗೆ ಬಂದೆ.

ಇಲ್ಲಿಗೆ ಬಂದ ಮೇಲೆ ತಿಳಿಯಿತು, ಅಣಕಕ್ಕೆ ವೀಸಾ ಸಿಗುವುದಿಲ್ಲವೆಂದು. ಫಾದರ್ ಸೀನುವುದನ್ನು ಎಷ್ಟೇ ಚೆನ್ನಾಗಿ ಸೀನಿ ತೋರಿಸಿದರೂ, ಫಾದರನ್ನು ಕಾಣದವರಿಗೆ ಅದು ಬರೀ ಸೀನು. ಒಬ್ಬ ನೇಪಾಳಿ ನನಗೆ ವಿಕ್ಸ್ ಕೊಡಲು ಬಂದ. ಹಾಗಾಗಿ ಹೊಸ ಸರಕು ಹುಡುಕಿಕೊಂಡೆ: ಕುರಿಯನ್ ಸಾರ್, ಪ್ರತಿ ಕಾಗದಕ್ಕೂ 'ಬುಕ್ರಾ, ಬುಕ್ರಾ' ಎಂದು ನಾಳೆಗೆ ತಳ್ಳುವ ಈಜಿಪ್ಟಿನ ಕ್ಲರ್ಕು, ಲಿಫ್ಟಿನಲ್ಲಿ ಮಹಡಿಯ ನಂಬರು ಹೇಳುವ ಹೆಂಗಸಿನ ದನಿ. ಜನ ನಗುತ್ತಿದ್ದರು, ನಕ್ಕು ಊಟ ಮುಗಿಸಿ ಮಲಗುತ್ತಿದ್ದರು. ನಗಿಸಿದವನಿಗೆ ನಿದ್ದೆ ತಡ.

ನಾನಿದ್ದದ್ದು ನಜ್ಮಾ ಬಡಾವಣೆಯಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ರೂಮಿನಲ್ಲಿ. ರೂಮು ಹಂಚಿಕೊಂಡವರು ಉಳ್ಳಾಲದ ಹಮೀದ್ ಕಾಕ. ಬೇಕರಿಯಲ್ಲಿ ಖುಬ್ಬೂಸ್ ರೊಟ್ಟಿ ಸುಡುವ ಕೆಲಸ. ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ನಿಲ್ಲಬೇಕಾದ್ದರಿಂದ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅವರಿಗೆ ನಡುರಾತ್ರಿ. ಊರಿಗೆ ಹೊರಟ ಒಬ್ಬ ಫಿಲಿಪಿನೋ ಬಿಟ್ಟುಹೋದ ಎಲೆಕ್ಟ್ರಾನಿಕ್ ಕೀಬೋರ್ಡು ನನಗೆ ಸಿಕ್ಕಿದ್ದೂ ಆಗಲೇ. ಕಾಕ ಮಲಗಿರುವಾಗ ದನಿ ಮಾಡುವ ಹಾಗಿಲ್ಲ. ಹೆಡ್‌ಫೋನ್ ಸಿಕ್ಕಿಸಿಕೊಂಡು ಬಾರಿಸುತ್ತಿದ್ದೆ. ಸಂಗೀತವೆಲ್ಲ ನನ್ನ ಕಿವಿಗೆ. ರೂಮಿಗೆ ಉಳಿದದ್ದು ಕೀಲಿಗಳ ಟಕಟಕ.

"ಎಂತ ಮಾರಾಯ ಅದು, ಕಡ್ಲೆ ಹುರಿದ ಹಾಗೆ?" ಮುಸುಕಿನೊಳಗಿಂದ ಕಾಕನ ದನಿ.

"ಪಿಯಾನೋ ಕಾಕ."

"ಹೌದಾ? ನನಗೂ ಒಮ್ಮೆ ಕೇಳಿಸು ನೋಡುವ."

ಹೆಡ್‌ಫೋನನ್ನು ಅವರ ಕಿವಿಗೆ ಕೊಟ್ಟು, ನನ್ನಲ್ಲಿದ್ದ ಅತಿ ವೇಗದ ತುಣುಕನ್ನು ಬಾರಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಒಳ್ಳೇದುಂಟು," ಎಂದರು. "ಸಿನಿಮಾದಲ್ಲಿ ಪೊಲೀಸರು ಹಿಂದೆ ಬಿದ್ದಾಗ ಹಾಕ್ಲಿಕ್ಕೆ."

ಆ ಕೀಬೋರ್ಡಿನ ಸ್ವಭಾವ ಇಲ್ಲಿ ಹೇಳಲೇಬೇಕು. ಅದರ ಕೀಲಿಯನ್ನು ಮುಟ್ಟಿದರೂ ಅಷ್ಟೇ ದನಿ, ಗುದ್ದಿದರೂ ಅಷ್ಟೇ ದನಿ. ಮಗುವಿನ ಕೆನ್ನೆ ತಟ್ಟಿದ ಹಾಗೆ ಒತ್ತಿ, ಗೋಡೆಗೆ ಮೊಳೆ ಹೊಡೆದ ಹಾಗೆ ಒತ್ತಿ, ಅದಕ್ಕೆ ಎಲ್ಲವೂ ಒಂದೇ. ಇಂಥದರ ಮೇಲೆ ಅಭ್ಯಾಸ ಮಾಡುವವನು ಸುಧಾರಿಸಬಹುದಾದದ್ದು ವೇಗವೊಂದನ್ನೇ. ನಾನು ಸುಧಾರಿಸುತ್ತ ಹೋದೆ. ಕೀಬೋರ್ಡಿಗೂ ಬೇಸರವಿಲ್ಲ, ನನಗೂ ಇಲ್ಲ, ಕಾಕ ಮಾತ್ರ ಕಿವಿಗೆ ಹತ್ತಿ ತಂದುಕೊಂಡರು.

ಲವೀನಾ ಮಿಸ್ ಸಿಕ್ಕಿದ್ದು ಶುಕ್ರವಾರದ ಪೂಜೆ ಮುಗಿಸಿ ಹೊರಬರುವಾಗ. ಶುಕ್ರವಾರವೇ ಇಲ್ಲಿನ ಭಾನುವಾರ. ಮಿಸ್ ಹಿಂದೆ ಉಡುಪಿಯಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದವರು. ಗಂಡ ಆಲ್ಬನ್ ಅಂಕಲ್ ಇಲ್ಲಿನ ಕಂಪನಿಯೊಂದರಲ್ಲಿ ಅಕೌಂಟೆಂಟ್. ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ ಅವರ ಫ್ಲಾಟು, ಹಾಲಿನ ಅರ್ಧ ಜಾಗ ತಿಂದು ಕೂತ ಪಿಯಾನೋ, ಅದರ ಸುತ್ತ ಪಾಠಕ್ಕೆ ಬರುವ ಇಂಗ್ಲಿಷ್ ಶಾಲೆಯ ಮಕ್ಕಳು. ಆ ಮಕ್ಕಳ ನಡುವೆ ಮೀಸೆ ಇದ್ದ ವಿದ್ಯಾರ್ಥಿ ನಾನೊಬ್ಬನೇ. ಅಲೀಶಾ ಎಂಬ ಪುಟ್ಟ ಹುಡುಗಿ ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ಕೇಳಿದಳು, "ಅಂಕಲ್, ನೀವು ದೊಡ್ಡ ಉಂಟು. ಮತ್ತೆ ಯಾಕೆ ಗ್ರೇಡ್ ಥ್ರೀ? ಫೇಲಾ?"

ಮಿಸ್ ಮನೆಯಲ್ಲಿ ಮಾತೆಲ್ಲ ಕೊಂಕಣಿಯಲ್ಲಿ. ಬೈಗುಳ ಮಾತ್ರ ಕನ್ನಡದಲ್ಲಿ, ಶಾಲೆಯ ಅಭ್ಯಾಸ. ನಿಜವಾದ ಪಿಯಾನೋದ ಮುಂದೆ ನಾನು ಮೊದಲ ಸಲ ಕೂತಾಗ ಮೆಲ್ಲಗೆ ಒತ್ತಿದರೆ ದನಿಯೇ ಬರಲಿಲ್ಲ. ಗಾಬರಿಯಾಗಿ ಜೋರಾಗಿ ಒತ್ತಿದೆ. ಅಡುಗೆ ಮನೆಯಲ್ಲಿ ಅಂಕಲ್ ಕೈಯಿಂದ ಏನೋ ಬಿತ್ತು. ಆಮೇಲೆ ನಾನು ನನ್ನ ಪೊಲೀಸ್ ತುಣುಕನ್ನು ಬಾರಿಸಿದೆ. ಮುಗಿದ ಮೇಲೆ ಮಿಸ್ ಕೇಳಿದರು,

"ನಿನಗೆ ಯಾವ ಬಸ್ಸಿಗೆ ಹೋಗ್ಲಿಕ್ಕುಂಟು ಮಾರಾಯ?"

ಅವರಿಗೆ ಸಂಜೀವಣ್ಣನ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ.

"ಬೆರಳು ಓಡ್ತದೆ, ಒಳ್ಳೆಯದು. ಆದ್ರೆ ನೀನು ಒಂದು ಸ್ವರವನ್ನಾದ್ರೂ ಕೇಳಿದ್ದೀಯಾ? ಅದಕ್ಕೆ ಮಾತು ಮುಗಿಸ್ಲಿಕ್ಕೆ ಬಿಡು. ಮತ್ತೆ ಇನ್ನೊಂದನ್ನು ಕರಿ. ಓಡು ಅಂತ ಬರೆದಲ್ಲಿ ಓಡು, ಬೇಡ ಹೇಳಿದ್ದು ಯಾರು? ಓಡುವಾಗಲೂ ಮನೆ ಯಾವುದು, ಮರ ಯಾವುದು ಅಂತ ಕಾಣ್ಬೇಕು."

ಅವರು ನನಗೊಂದು ಹೊಸ ತುಣುಕು ಕೊಟ್ಟರು. ಮೊದಲು ನಿಧಾನ, ನಡುವೆ ಒಂದು ಬಿರುಗಾಳಿ, ಮತ್ತೆ ಮೊದಲಿನ ನಿಧಾನ. ಪ್ರತಿ ಶುಕ್ರವಾರ ಮಧ್ಯಾಹ್ನ ಪಾಠದ ಆರಂಭದಲ್ಲಿ ಅವರೇ ಒಮ್ಮೆ ಬಾರಿಸಿ ತೋರಿಸುತ್ತಿದ್ದರು. ನಾನು ಗೋಡೆಯ ಎಸಿಯ ಕೆಳಗೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಆ ಎಸಿ ಹಳೆಯದು, ಲಾರಿಯ ಹಾಗೆ ಗುರುಗುಟ್ಟುತ್ತಿತ್ತು. ಬಿರುಗಾಳಿ ಮುಗಿದು ನಿಧಾನದ ರಾಗ ಮರಳುವ ಮೊದಲು ಮಿಸ್ ಕೈಗಳನ್ನು ಕೀಲಿಗಳ ಮೇಲೆಯೇ ನಿಲ್ಲಿಸಿ, ತಲೆ ಎತ್ತಿ, ಎಲ್ಲೋ ದೂರದ ದನಿಗೆ ಕಾಯುವವರ ಹಾಗೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಪುಸ್ತಕದಲ್ಲಿ ಆ ಜಾಗದಲ್ಲಿ ಏನೂ ಬರೆದಿರಲಿಲ್ಲ. ಸಂಗೀತದ ಒಳಗುಟ್ಟು ಅಲ್ಲೇ ಇದೆಯೆಂದು ನನಗೆ ಖಾತ್ರಿಯಾಯಿತು. ನನಗೆ ಗೊತ್ತಿದ್ದದ್ದು ಅಣಕ. ಅವರ ಭುಜ ಇಳಿಯುವುದು, ಉಸಿರು ಎಳೆಯುವುದು, ಆ ತಲೆ ಎತ್ತುವುದು, ಎಲ್ಲವನ್ನೂ ನಜ್ಮಾದ ರೂಮಿಗೆ ತಂದು ಟಕಟಕದ ನಡುವೆ ಅಭ್ಯಾಸ ಮಾಡಿದೆ. ಪಾಠ ಮುಗಿದ ಮೇಲೆ ಕುಚ್ಚಲಕ್ಕಿ ಅನ್ನ, ಮೀನು ಸಾರು. "ಊಟ ಮಾಡಿಯೇ ಹೋಗು, ರೂಮಿನಲ್ಲಿ ಎಂತ ಉಂಟು?" ಎಂದು ಅಂಕಲ್ ತಟ್ಟೆ ಇಡುತ್ತಿದ್ದರು. ವಾರದ ಉಳಿದ ದಿನಗಳೆಲ್ಲ ಆ ಮಧ್ಯಾಹ್ನಕ್ಕೆ ಹೋಗುವ ದಾರಿಗಳು, ಅಷ್ಟೇ.

ಒಂದು ಶುಕ್ರವಾರ ಊಟದ ನಡುವೆ ಅಂಕಲ್ ಸಲೀಸಾಗಿ ಹೇಳಿದರು, "ಕಂಪನಿಯವರದ್ದು ಖಲಾಸ್ ಮಾರಾಯ. ಕ್ರಿಸ್ಮಸ್ಸಿಗೆ ನಾವು ಊರಲ್ಲಿ. ಇನ್ನು ಬರ್ಲಿಕ್ಕಿಲ್ಲ."

ನಾನು ಮೀನಿನ ಮುಳ್ಳು ಹುಡುಕುವ ನೆಪ ಮಾಡಿಕೊಂಡೆ. ಮಿಸ್ ಹೋದರೆ ಪಿಯಾನೋ ಹೋಗುತ್ತದೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ನಾನು ಬಾರಿಸುವುದನ್ನು ಕೇಳಿ, ಇದು ಸರಿ, ಇದು ತಪ್ಪು ಎನ್ನುವ ಒಂದು ಕಿವಿ. ಮತ್ತೆ ಹೆಡ್‌ಫೋನಿನೊಳಗೆ ನಾನೇ ಬಾರಿಸಿ ನಾನೇ ಕೇಳಬೇಕು. ಮೀನಿನಲ್ಲಿ ಮುಳ್ಳು ಮುಗಿದ ಮೇಲೂ ಹುಡುಕುತ್ತಲೇ ಇದ್ದೆ.

ಮಿಸ್ ಅದನ್ನು ಗಮನಿಸಿರಬೇಕು. ಮುಂದಿನ ವಾರ ಒಂದು ಸುದ್ದಿ ತಂದರು. ಊರಾಚೆಯ ಒಂದು ಇಂಟರ್‌ನ್ಯಾಶನಲ್ ಶಾಲೆಯಲ್ಲಿ ಪಿಯಾನೋ ಸ್ಪರ್ಧೆ. ದೊಡ್ಡವರಿಗೂ ಒಂದು ವಿಭಾಗ. ಗೆದ್ದವರಿಗೆ ಚಳಿಗಾಲ ಪೂರ್ತಿ, ಪ್ರತಿ ಶುಕ್ರವಾರ ಒಂದು ಗಂಟೆ, ಶಾಲೆಯ ಸಭಾಂಗಣದ ಗ್ರಾಂಡ್ ಪಿಯಾನೋ.

"ಹೆಸರು ಕೊಟ್ಟು ಬಂದಿದ್ದೇನೆ," ಎಂದರು. "ನನ್ನ ಮಾನ ನಿನ್ನ ಕೈಯಲ್ಲಿ."

"ಮಿಸ್, ನನ್ನ ಕೈಯಲ್ಲಿ ಕೊಡಬೇಡಿ. ಅದು ಓಡ್ತದೆ."

ಸ್ಪರ್ಧೆಯ ದಿನ ಕುರಿಯನ್ ಸಾರ್ ಅವರ ಟೈ ಕಟ್ಟಿಕೊಂಡು ಹೋದೆ. ಕೇಳಿಯೇ ತಂದದ್ದು. ಮಕ್ಕಳ ವಿಭಾಗಗಳಲ್ಲಿ ಮಕ್ಕಳು ಕೀಲಿಮಣೆಯ ಮೇಲೆ ಚೆಂಡಿನ ಹಾಗೆ ಪುಟಿದರು. ಅಲೀಶಾಗೆ ಬಹುಮಾನ ಬಂತು. ಅವಳು ನನ್ನ ಹತ್ತಿರ ಬಂದು ಗಂಭೀರವಾಗಿ, "ಅಂಕಲ್, ಭಯ ಬೇಡ, ಜಡ್ಜ್ ಕಚ್ಚುದಿಲ್ಲ," ಎಂದಳು. ದೊಡ್ಡವರ ವಿಭಾಗದಲ್ಲಿ ಕೊನೆಗೆ ಉಳಿದದ್ದು ಇಬ್ಬರೇ: ನಾನು ಮತ್ತು ಬಾಗಿಲಿಗೆ ತಲೆ ಬಗ್ಗಿಸಿ ಒಳಬಂದ, ಯುರೋಪಿನ ಕಡೆಯ ಒಬ್ಬ ಎಂಜಿನಿಯರ್. ಏನೇ ಆದರೂ ಎರಡನೆಯ ಸ್ಥಾನ ನನಗೆ ಖಚಿತವೆಂದು ಮಿಸ್‌ಗೆ ಹೇಳಿದೆ. ಅವರು ನಗಲಿಲ್ಲ.

ಎಂಜಿನಿಯರ್ ಮೊದಲು ಕೂತರು. ಕೈಗಳು ಶುರುವಾದದ್ದೇ ಸಭಾಂಗಣ ಬೆಚ್ಚಿತು. ಏನು ಓಟ! ನನ್ನ ವೇಗವೆಲ್ಲ ಅದರ ಮುಂದೆ ಎತ್ತಿನ ಗಾಡಿ. ನಾನು ಬಾಯಿ ತೆರೆದು ನೋಡುತ್ತಿದ್ದಂತೆ ಅವರ ಬಲಗೈ ಎಲ್ಲೋ ಒಂದು ತಿರುವಿನಲ್ಲಿ ತಪ್ಪಿತು. ನಿಂತರು. ಹಿಂದೆ ಹೋಗಿ ಅಲ್ಲಿಂದಲೇ ಮತ್ತೆ ಅದೇ ವೇಗದಲ್ಲಿ ಬಂದರು. ಮತ್ತೆ ಅದೇ ತಿರುವು, ಮತ್ತೆ ಚರಂಡಿ. ಓಡಿಕೊಂಡೇ ಕಲಿತವರಿಗೆ ನಡೆದುಕೊಂಡು ಹೋಗುವ ದಾರಿ ಗೊತ್ತಿರುವುದಿಲ್ಲ. ಅವರು ಎದ್ದು, ಕೆಂಪಾದ ಮುಖದಲ್ಲಿ ಬಗ್ಗಿ ನಮಸ್ಕರಿಸಿ ಇಳಿದರು. ಇನ್ನೊಬ್ಬರು ಎಡವಿದರೆ ಅಣಕಿಸುವುದು ನನ್ನ ಕುಲಕಸುಬು. ಆ ದಿನ ಮನಸ್ಸಾಗಲಿಲ್ಲ. ಅವರ ಬೆನ್ನು ನನ್ನದೇ ಬೆನ್ನಿನ ಹಾಗೆ ಕಂಡಿತು.

ನನ್ನ ಸರದಿ. ಅಲ್ಲಿ ನಾನು ನಿಧಾನವಾಗಿ ಬಾರಿಸಿದ್ದು ಕಲೆಯಿಂದಲ್ಲ, ಹೆದರಿಕೆಯಿಂದ. ಒಂದೊಂದು ಸ್ವರವನ್ನೂ ಹಿಡಿದುಕೊಂಡು, ಗೋಡೆ ಹಿಡಿದು ನಡೆಯುವವನ ಹಾಗೆ ಮುಂದೆ ಹೋದೆ. ಧೈರ್ಯಕ್ಕೆ ಮಿಸ್ಸನ್ನು ಮೈಮೇಲೆ ಕರೆದುಕೊಂಡೆ: ಅವರ ಭುಜ, ಅವರ ಉಸಿರು. ಬಿರುಗಾಳಿಯ ಭಾಗ ಬಂದಾಗ ಕೈ ತಾನಾಗಿ ಬಿಟ್ಟುಕೊಂಡಿತು, ಓಡಿತು. ಎಂಜಿನಿಯರ್ ಬಿದ್ದ ತಿರುವು ಕಣ್ಣ ಮುಂದೆಯೇ ಇದ್ದುದರಿಂದ ಮನೆ ಯಾವುದು, ಮರ ಯಾವುದು ಎಂದು ನೋಡಿಕೊಂಡೇ ಓಡಿದೆ. ಆಮೇಲೆ ಆ ಜಾಗ. ಕೈಗಳನ್ನು ನಿಲ್ಲಿಸಿ, ತಲೆ ಎತ್ತಿ, ದೂರಕ್ಕೆ ಕಿವಿಗೊಟ್ಟೆ. ಸಭಾಂಗಣವೂ ನನ್ನ ಜೊತೆ ಕಿವಿಗೊಟ್ಟಿತು. ಯಾರೋ ಕೆಮ್ಮು ನುಂಗಿದರು. ನಂತರ ರಾಗ ಮರಳಿತು.

ಜಡ್ಜ್ ಬಿಳಿ ಕೂದಲಿನ ಒಬ್ಬ ತೆಳ್ಳಗಿನ ಮಹಿಳೆ. ಪ್ರಶಸ್ತಿ ಕೊಡುವಾಗ ಅವರು ಹೇಳಿದ್ದನ್ನು ಇವತ್ತಿಗೂ ಅವರದೇ ದನಿಯಲ್ಲಿ ಹೇಳಬಲ್ಲೆ. ವೇಗ ಅನೇಕರಿಗೆ ಇರುತ್ತದೆ, ಆ ರಾಗ ಮರಳುವ ಮುಂಚೆ ಈ ಯುವಕ ಕಾದದ್ದು ನನಗೆ ಇಷ್ಟವಾಯಿತು, ಅವನು ನಿಜವಾಗಿ ಏನನ್ನೋ ಆಲಿಸುತ್ತಿದ್ದ, ಎಂದರು. ಗೆದ್ದೆ. ಇಬ್ಬರಲ್ಲಿ ಒಬ್ಬ ಬಿದ್ದ ಓಟದಲ್ಲಿ ಗೆದ್ದೆ, ಆದರೂ ಗೆದ್ದೆ.

ವಾಪಸು ಬರುವಾಗ ಅಂಕಲ್‌ನ ಕಾರಿನ ಹಿಂದಿನ ಸೀಟಿನಿಂದ ನಾನು ಮಿಸ್‌ಗೆ ಗುಟ್ಟು ಬಿಚ್ಚಿದೆ. "ಮಿಸ್, ಆ ಮೌನ ನಿಮ್ಮದೇ. ನೀವು ತಲೆ ಎತ್ತಿ ನಿಲ್ತೀರಲ್ಲ, ಅದನ್ನು ಹಾಗೇ ತೆಗೆದುಕೊಂಡದ್ದು."

"ಯಾವ ಮೌನ?"

ತೋರಿಸಿದೆ. ಮಿಸ್ ಹಿಂದೆ ತಿರುಗಿ ನನ್ನನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಅಂಕಲ್ ಕಾರನ್ನು ಬದಿಗೆ ಹಾಕಬೇಕಾಯಿತು.

"ಅಯ್ಯೋ ಮಾರಾಯ! ಅದು ಕುಕ್ಕರ್! ಕುಚ್ಚಲಕ್ಕಿ ಇಟ್ಟು ಬಂದಿರ್ತೇನಲ್ಲ, ಆ ಹಾಳು ಎಸಿಯ ಗಲಾಟೆಯಲ್ಲಿ ವಿಸಿಲ್ ಕೇಳ್ತದಾ? ಅಲ್ಲಿಗೆ ಬರುವಾಗ ಒಂದು ಆಗಿರ್ಬೇಕು, ಆಯ್ತಾ ಇಲ್ವಾ ಅಂತ ಕಿವಿ ಕೊಡುದು ನಾನು!"

"ಅದಕ್ಕೇ ಜಡ್ಜ್‌ಗೆ ಹಸಿವಾದದ್ದು," ಎಂದರು ಅಂಕಲ್.

ಬಹುಮಾನ ವಾಪಸು ಕೊಡಬೇಕಾ ಎಂದು ಕೇಳಿದೆ. ಮಿಸ್ ಕಣ್ಣೊರೆಸಿಕೊಂಡು, "ಸುಮ್ನಿರು. ಆ ಹೆಂಗಸು ಹೇಳಿದ್ದು ತಪ್ಪೇನಿಲ್ಲ. ನಾನೂ ನೋಡಿದೆ, ನೀನು ಕಾದದ್ದು ಹೌದು," ಎಂದರು. ಅವರು ಮೆಚ್ಚಿ ಮಾತಾಡಿದ್ದು ಅದೊಂದೇ ಸಲ, ಅದೂ ಕನ್ನಡದಲ್ಲಿ.

ಕ್ರಿಸ್ಮಸ್ಸಿಗೆ ಮೊದಲು ಅವರು ಹೊರಟರು. ಪಿಯಾನೋ ಯಾರೋ ಲೆಬನಾನಿನವರ ಮನೆಗೆ ಹೋಯಿತು. ವಿಮಾನ ನಿಲ್ದಾಣದಲ್ಲಿ ಬೇಸರ ಕಳೆಯಲೆಂದು ನಾನು ಎಲ್ಲರನ್ನೂ ಅಣಕಿಸಿದೆ: ಕುರಿಯನ್ ಸಾರ್, ಬುಕ್ರಾ, ಜಡ್ಜ್, ಕೊನೆಗೆ ಮಿಸ್ಸನ್ನೇ. ಭುಜ ಇಳಿಸಿ, ಬೆರಳೆತ್ತಿ, "ಯಾವ ಬಸ್ಸಿಗೆ ಹೋಗ್ಲಿಕ್ಕುಂಟು ಮಾರಾಯ?"

"ನಾನು ಹೀಗೆಯಾ ಕಾಣುದು?" ಎಂದು ಅವರು ಗಂಡನನ್ನು ಕೇಳಿದರು. ಅಂಕಲ್ ಹೌದೆಂದು ತಲೆ ಆಡಿಸಿ ಟ್ರಾಲಿ ತಿರುಗಿಸಿದರು. ಗಾಜಿನ ಬಾಗಿಲಿನ ಆಚೆಯಿಂದ ಮಿಸ್ ಕೈಯಲ್ಲೇ ಸನ್ನೆ ಮಾಡಿದರು: ಮೆಲ್ಲ, ಮೆಲ್ಲ.

ಮೊದಲ ಶುಕ್ರವಾರ ನನ್ನ ಗಂಟೆಗೆ ಹೋದೆ. ವಾಚ್‌ಮನ್ ಸಭಾಂಗಣದ ಬಾಗಿಲು ತೆಗೆದು, ಒಂದೇ ಒಂದು ದೀಪ ಹಾಕಿ, ನಮಾಜಿಗೆ ಹೋದ. ನೂರಾರು ಖಾಲಿ ಕುರ್ಚಿಗಳು. ನಡುವೆ ಆ ಕಪ್ಪು ಪಿಯಾನೋ, ಮೆರುಗಿನಲ್ಲಿ ನನ್ನದೇ ಮುಖ. ಒಂದು ಕೀಲಿ ಒತ್ತಿದೆ. ದನಿ ಹಿಂದಿನ ಗೋಡೆಯ ತನಕ ಹೋಗಿ, ಯಾರೂ ಸಿಗದೆ ವಾಪಸು ಬಂತು. ಜಡ್ಜ್‌ನ ದನಿಯಲ್ಲಿ ನನ್ನ ಹೆಸರನ್ನು ನಾನೇ ಘೋಷಿಸಿದೆ. ನಾನೇ ಕೆಮ್ಮಿದೆ. ನಾನೇ ಚಪ್ಪಾಳೆ ತಟ್ಟಿದೆ. ಅಷ್ಟು ದೊಡ್ಡ ಜಾಗದಲ್ಲಿ ಒಬ್ಬನ ಚಪ್ಪಾಳೆ ಯಾರೋ ಸೊಳ್ಳೆ ಹೊಡೆದ ಹಾಗೆ ಕೇಳಿಸಿತು.

ಜೇಬಿನಲ್ಲಿ ಊರಿಗೆ ಮಾತಾಡಲು ಕೊಂಡ, ಅರ್ಧ ಮುಗಿದ ಒಂದು ಫೋನ್ ಕಾರ್ಡ್ ಇತ್ತು. ಮಿಸ್‌ನ ಊರಿನ ನಂಬರು ಒತ್ತಿದೆ. ಇನ್ನು ಐದು ನಿಮಿಷ ಮಾತ್ರ ಉಳಿದಿದೆಯೆಂದು ಕಾರ್ಡಿನ ಹೆಂಗಸು ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಆಚೆ ಬದಿ ಫೋನ್ ಎತ್ತಿದಾಗ ಹಿಂದೆ ಜನರ ಗದ್ದಲ, ಪಾತ್ರೆಗಳ ಸದ್ದು, ಯಾರದ್ದೋ ಮಗು.

"ಯಾರು? ಓ, ರೋಶನ್! ಮನೆ ತುಂಬ ನೆಂಟರು ಮಾರಾಯ. ಹೇಗಿದ್ದೀ? ಊಟ ಆಯ್ತಾ?"

"ಪಿಯಾನೋ ಮುಂದೆ ಇದ್ದೇನೆ ಮಿಸ್. ಗ್ರಾಂಡ್! ಕೇಳ್ತೀರಾ?"

"ತಡಿ, ಬಾಗಿಲು ಹಾಕ್ತೇನೆ." ಗದ್ದಲ ದೂರವಾಯಿತು. "ಹಾಂ. ಬಾರಿಸು."

ಫೋನನ್ನು ಪುಸ್ತಕ ಇಡುವ ಹಲಗೆಯ ಮೇಲೆ ಒರಗಿಸಿದೆ. ಲೆಕ್ಕ ನನಗೆ ಗೊತ್ತಿತ್ತು. ನನ್ನ ಹಳೆಯ ಓಟದಲ್ಲಿ ಬಾರಿಸಿದರೆ ಈ ಕಾರ್ಡಿನಲ್ಲಿ ತುಣುಕು ಪೂರ್ತಿಯಾಗಿ, 'ಹೇಗಿತ್ತು ಮಿಸ್?' ಎಂದು ಕೇಳಿ, ಅವರು ಬೈಯುವುದನ್ನು ಕೇಳಲೂ ಸಮಯ ಉಳಿಯುತ್ತದೆ. ಅವರು ಕಲಿಸಿದ ಹಾಗೆ ಬಾರಿಸಿದರೆ ನಡುವೆ ಎಲ್ಲೋ ಕಡಿಯುತ್ತದೆ. ಆ ಬೈಗುಳ ನನಗೆ ಎಷ್ಟು ಬೇಕಾಗಿತ್ತೆಂದರೆ ಬಲಗೈ ಆಗಲೇ ಓಡಲು ಸಿದ್ಧವಾಗಿತ್ತು.

ಮೆಲ್ಲ ಶುರುಮಾಡಿದೆ. ಮೊದಲ ಸ್ವರ ತನ್ನ ಮಾತು ಮುಗಿಸಿದ ಮೇಲೆ ಎರಡನೆಯದನ್ನು ಕರೆದೆ. ಫೋನಿನ ಹಸಿರು ಬೆಳಕು ಸ್ವಲ್ಪ ಹೊತ್ತಿಗೆ ಆರಿತು. ಅದು ತಾನಾಗಿ ಆರುವುದೇ. ಆ ಕಡೆ ಅವರು ಇದ್ದಾರೋ ಇಲ್ಲವೋ, ಕೈ ಬಿಡದೆ ನೋಡುವಂತಿರಲಿಲ್ಲ. ಕೈ ಬಿಟ್ಟರೆ ಸ್ವರ ಸಾಯುತ್ತದೆ. ಇದ್ದಾರೆ ಎಂದುಕೊಂಡೇ ಬಿರುಗಾಳಿಯನ್ನು ದಾಟಿದೆ, ರಾಗವನ್ನು ಮರಳಿ ತಂದೆ, ಕೊನೆಯ ಸ್ವರ ಪೂರ್ತಿ ಕರಗುವ ತನಕ ಪೆಡಲ್ ಮೇಲಿನ ಕಾಲು ತೆಗೆಯಲಿಲ್ಲ.

ಫೋನನ್ನು ಕಿವಿಗಿಟ್ಟಾಗ ಏನೂ ಇರಲಿಲ್ಲ. ಅವರಿಗೆ ಎಲ್ಲಿಯ ತನಕ ಕೇಳಿಸಿತೋ ನಾನು ಆಮೇಲೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ಗಂಟೆಯಲ್ಲಿ ಇನ್ನೂ ಬಹಳ ಹೊತ್ತು ಉಳಿದಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡು ಮತ್ತೆ ಮೊದಲಿನಿಂದ ಬಾರಿಸಿದೆ, ಈ ಸಲ ಇನ್ನೂ ಸ್ವಲ್ಪ ಮೆಲ್ಲ.